ಉಳಿದರ್ಧ ನಾಳೆ

ಕೀಂಯ್… ಕೀಂಯ್… ಕೀಂಯ್…

ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ಬೆಳಿಗ್ಗೆ ಈ ಸದ್ದು ಕೇಳಿಸಿತೆಂದರೆ ಡ್ರೆಸ್ಸಿಂಗ್ ಗಾಡಿ ಹೊರಟಿತೆಂದು ಅರ್ಥ. ಮೇಲಿನ ತಟ್ಟೆಯಲ್ಲಿ ಹತ್ತಿಯ ಉಂಡೆಗಳು, ಬಟ್ಟೆಯ ಪಟ್ಟಿಗಳು, ಕತ್ತರಿ, ಇಕ್ಕಳ, ಕಂದು ಔಷಧದ ಬಾಟಲಿ. ಕೆಳಗಿನ ತಟ್ಟೆಯಲ್ಲಿ ಮುಚ್ಚಳವಿರುವ ಬಕೆಟ್ಟು. ಗಾಯಕ್ಕೆ ಅಂಟಿಕೊಂಡ ಹಳೆಯ ಪಟ್ಟಿಯನ್ನು ಬಿಡಿಸಿ, ತೊಳೆದು, ಹೊಸದು ಕಟ್ಟುವ ಕೆಲಸ ಎಷ್ಟು ಮೃದುವಾದ ಕೈಯದಾದರೂ ಜೀವ ಹಿಂಡುವಂಥದ್ದೇ. ಅಂಥ ಗಾಡಿ ಬರುತ್ತಿದೆಯೆಂದು ತಿಳಿದರೆ ಯಾವ ಊರಿನ ರೋಗಿಯಾದರೂ ಹೊದಿಕೆಯನ್ನು ತಲೆಯ ತನಕ ಎಳೆದುಕೊಳ್ಳಬೇಕು. ಈ ಆಸ್ಪತ್ರೆಯಲ್ಲಿ ಮಾತ್ರ ಗಾಡಿಯ ಸದ್ದಿಗೆ ಕಿವಿ ನಿಮಿರುತ್ತಿದ್ದವು. ಗಾಡಿ ಬಾಗಿಲು ದಾಟುವ ಮೊದಲೇ ಯಾವುದೋ ಮಂಚದಿಂದ ಕೂಗು ಬರುತ್ತಿತ್ತು.

“ಅಕ್ಕಾ, ನಿನ್ನೆಯ ತಿಮಿಂಗಿಲ ಎದ್ದಿತಾ?”

“ಎಲ್ಲಿ, ಇನ್ನೂ ನಿದ್ದೆಯಲ್ಲೇ ಇದೆ. ಮೊದಲು ಕೈ ಚಾಚಿ.”

ಕೈ ತಾನಾಗಿ ಮುಂದೆ ಬರುತ್ತಿತ್ತು. ಸಮುದ್ರದೊಳಗೆ ಕಂಬಗಳ ಹಾಗೆ ನೆಟ್ಟಗೆ ನಿಂತು ನಿದ್ದೆಮಾಡುವ ತಿಮಿಂಗಿಲಗಳ ಹಿಂಡು ಎಚ್ಚರಗೊಳ್ಳುವಷ್ಟರಲ್ಲಿ ಪಟ್ಟಿ ಬಿಚ್ಚಿ, ಗಾಯ ತೊಳೆದು ಆಗಿರುತ್ತಿತ್ತು. ಹೊಸ ಪಟ್ಟಿಯ ಗಂಟು ಬಿಗಿಯುವಾಗ ಗಾಡಿ ತಳ್ಳುವ ಆ ಅಕ್ಕ ಹೊಸದೊಂದು ಸೋಜಿಗವನ್ನು ತೆಗೆಯುತ್ತಿದ್ದಳು. ಅದು ಕುತೂಹಲದ ತುದಿಗೆ ಬಂದಾಗ ಗಂಟೂ ಮುಗಿಯುತ್ತಿತ್ತು. “ಉಳಿದರ್ಧ ನಾಳೆ” ಎಂದು ಹೇಳಿ ಗಾಡಿ ತಳ್ಳಿಕೊಂಡು ಹೊರಟುಬಿಡುತ್ತಿದ್ದಳು. ಹಿಂದಿನಿಂದ ಎಷ್ಟು ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಇದರಿಂದಾಗಿ ಅವಳಿಗೆ ಅರ್ಧಕ್ಕ ಎಂದು ಹೆಸರು ಬಿತ್ತು. ಸಂಬಳದ ದಿನ ಅವಳ ನಿಜವಾದ ಹೆಸರನ್ನು ಕೂಗಿದರೆ ಅವಳೇ ಒಂದು ಗಳಿಗೆ ಬೇರೆಯವರ ಮುಖ ನೋಡುತ್ತಿದ್ದಳು.

ಅವಳು ಮೊದಲು ಬಂದದ್ದು ವಾರ್ಡಿನ ನೆಲ ಒರೆಸುವ ಕೆಲಸಕ್ಕೆ. ಪಟ್ಟಿ ಕಟ್ಟುವುದನ್ನು ಹಿರಿಯ ನರ್ಸೊಬ್ಬರು ಕಲಿಸಿಕೊಟ್ಟರು. ಸೋಜಿಗ ಹೇಳುವುದನ್ನು ಯಾರೂ ಕಲಿಸಲಿಲ್ಲ. ಬಿಸಿನೀರು ಬಿದ್ದು ತೋಳು ಸುಟ್ಟುಕೊಂಡಿದ್ದ ಒಂದು ಪುಟ್ಟ ಹುಡುಗಿ ಪಟ್ಟಿ ಮುಟ್ಟಲಿಕ್ಕೂ ಬಿಡದೆ ಚೀರುತ್ತಿದ್ದಳು. ಅವಳನ್ನು ಏನು ಹೇಳಿ ಸುಮ್ಮನಾಗಿಸಬೇಕೆಂದು ತೋಚದೆ, ಅರ್ಧಕ್ಕ ಹಿಂದಿನ ದಿನ ಗಂಡ ಕೇಳಿದ್ದ ಪ್ರಶ್ನೆಯನ್ನೇ ಕೇಳಿಬಿಟ್ಟಳು.

“ಮೀನಿಗೆ ಬಾಯಾರಿಕೆ ಆಗುತ್ತಾ? ಅದು ನೀರು ಕುಡಿಯುತ್ತಾ?”

ಗಂಡ ಶಾಲೆಯ ವ್ಯಾನ್ ಓಡಿಸುತ್ತಿದ್ದ. ವ್ಯಾನಿನ ಮಕ್ಕಳು ದಾರಿಯುದ್ದಕ್ಕೂ ಕೇಳುವ ಪ್ರಶ್ನೆಗಳನ್ನು ಸಂಜೆ ಮನೆಗೆ ಹೊತ್ತು ತರುತ್ತಿದ್ದ. ಹುಡುಗಿಯ ಕೂಗು ನಿಂತಿತು. ಮೂಗು ಸೊರ್ ಎಂದು ಎಳೆದುಕೊಂಡು, “ಕುಡಿಯುತ್ತಾ?” ಎಂದು ಕೇಳಿದಳು.

ಅರ್ಧಕ್ಕನಿಗೆ ಉತ್ತರ ಗೊತ್ತಿರಲಿಲ್ಲ. “ನಾಳೆ ಹೇಳ್ತೀನಿ” ಎಂದಳು. ಆ ಸಂಜೆ ಡಾಕ್ಟರುಗಳನ್ನು ಕೇಳಿದಳು, ಅವರು ತಲೆ ಕೆರೆದುಕೊಂಡರು. ಮನೆಗೆ ಹೋಗುವ ದಾರಿಯಲ್ಲಿದ್ದ ಗ್ರಂಥಾಲಯಕ್ಕೆ ಮೊದಲ ಸಲ ಕಾಲಿಟ್ಟಳು. ಉಪ್ಪುನೀರಿನ ಮೀನು ನೀರು ಕುಡಿಯುತ್ತದೆ, ಸಿಹಿನೀರಿನ ಮೀನು ಹೆಚ್ಚುಕಡಿಮೆ ಕುಡಿಯುವುದೇ ಇಲ್ಲ ಎಂದು ತಿಳಿದುಕೊಂಡು ಮರುದಿನ ಹೋದಾಗ, ಹುಡುಗಿ ತಾನೇ ತೋಳು ಚಾಚಿಕೊಂಡು ಕೂತಿದ್ದಳು.

ಅರ್ಧಕ್ಕೆ ನಿಲ್ಲಿಸುವ ಪದ್ಧತಿ ಹುಟ್ಟಿದ್ದು ಹೀಗೆ, ಜಾಣತನದಿಂದಲ್ಲ, ಗೊತ್ತಿಲ್ಲದ್ದರಿಂದ. ಆಮೇಲೆ ಅದೇ ಅವಳ ಕಸುಬಾಯಿತು. ಯಾವ ಗಾಯಕ್ಕೆ ಯಾವ ಮುಲಾಮು ಎಂಬುದು ತಿಳಿದ ಹಾಗೆ ಯಾವ ಮನುಷ್ಯನಿಗೆ ಯಾವ ಸೋಜಿಗ ಎಂಬುದೂ ಕೈಗೆ ಹತ್ತಿತು. ಸುಟ್ಟವರಿಗೆ ಹಿಮದ ಸಮುದ್ರ ಬೇಕು. ಮಕ್ಕಳಿಗೆ ದೊಡ್ಡದು ಬೇಕು, ಇಲ್ಲವೇ ಗಲೀಜು ಬೇಕು. ದೊಡ್ಡದೂ ಗಲೀಜೂ ಆದದ್ದು ಸಿಕ್ಕಿದರೆ ಹೊಲಿಗೆ ಬಿಚ್ಚಿದ್ದೂ ಗೊತ್ತಾಗುವುದಿಲ್ಲ. ಮುದುಕರ ಮುಂದೆ ನಕ್ಷತ್ರಗಳ ವಿಷಯ ತೆಗೆಯಬಾರದು. ಒಬ್ಬ ಅಜ್ಜ ಹೇಳಿಯೇ ಬಿಟ್ಟಿದ್ದರು, “ಹೇಗೂ ಅಲ್ಲಿಗೇ ಹೋಗೋದಲ್ವೇನಮ್ಮ, ಹೋದ ಮೇಲೆ ನಾನೇ ನೋಡ್ಕೋತೀನಿ ಬಿಡು.” ಅವರಿಗೆಲ್ಲ ಹುಟ್ಟಿನ ಸುದ್ದಿ ಬೇಕು. ಸಮುದ್ರಕುದುರೆಯಲ್ಲಿ ಗಂಡೇ ಬಸಿರು ಹೊರುತ್ತದೆ ಎಂದಾಗ ಸೊಂಟ ಮುರಿದುಕೊಂಡಿದ್ದ ಅಜ್ಜಿಯೊಬ್ಬಳು ಬಹಳ ಹೊತ್ತು ಯೋಚಿಸಿ, “ನಮ್ಮನೆಯವರು ಹೋಗಿಬಿಟ್ರಲ್ಲ, ಇದೊಂದು ಹೇಳಿ ಕಳಿಸಬೇಕಿತ್ತು” ಎಂದಿದ್ದಳು.

ಒಂದೇ ಕಟ್ಟುನಿಟ್ಟು. ಸುಳ್ಳು ಸೇರಿಸುವಂತಿಲ್ಲ. ಗಾಯಕ್ಕೆ ಮುಟ್ಟಿಸುವುದೆಲ್ಲ ಶುದ್ಧವಾಗಿರಬೇಕು ಎಂದು ಹಿರಿಯ ನರ್ಸು ಹೇಳಿದ್ದನ್ನು ಅವಳು ಮಾತಿಗೂ ಅನ್ವಯಿಸಿಕೊಂಡಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಚಪ್ಪಲಿ ರಿಪೇರಿ ಮಾಡುವ ಯಜಮಾನರೊಬ್ಬರನ್ನು ಅವರ ಮಗಳು ಹೆಚ್ಚುಕಡಿಮೆ ಎಳೆದುಕೊಂಡೇ ಬಂದಳು. ತೆಳ್ಳನೆಯ ಮೈ, ಹುರಿಗಟ್ಟಿದ ಕೈ, ಬೆರಳ ಸಂದುಗಳಲ್ಲಿ ಪಾಲಿಶಿನ ಕಪ್ಪು. ಬಲಗಾಲಿಗೆ ಹಳೆಯ ಬಟ್ಟೆ ಸುತ್ತಿತ್ತು.

“ಏನಾಯ್ತು ಯಜಮಾನ್ರೇ?”

“ಏನೂ ಆಗಿಲ್ಲ. ಇವಳಿಗೆ ಕೆಲಸ ಇಲ್ಲ.”

ಮಗಳು ಹಲ್ಲು ಕಚ್ಚಿಕೊಂಡು ಹೇಳಿದಳು. “ಹೋದ ವಾರ ಮೊಳೆ ಚುಚ್ಚಿದೆ ಅಕ್ಕ. ಇಡೀ ದಿನ ಆ ಮೊಳೆ ಮೇಲೇ ನಡೆದಿದ್ದಾರೆ. ಮನೆ ತುಂಬ ರಕ್ತದ ಹೆಜ್ಜೆ. ನನ್ನನ್ನೇ ಕರೆದು, ನೋಡೇ, ಯಾರದೋ ಕಾಲಿಗೆ ಏಟಾಗಿದೆ ಅಂತಾರೆ.”

ಕೆಲಸ ಮಾಡುವಾಗ ತುಟಿಗಳ ನಡುವೆ ಮೊಳೆ ಕಚ್ಚಿಕೊಂಡು ಒಂದೊಂದನ್ನೇ ತೆಗೆದು ಹೊಡೆಯುವುದು ಅವರ ರೂಢಿ. ಒಂದು ಜಾರಿ ತಮ್ಮದೇ ಚಪ್ಪಲಿಗೆ ಬಿದ್ದದ್ದು ಕಣ್ಣಿಗೂ ಬಿದ್ದಿರಲಿಲ್ಲ, ಕಾಲಿಗೂ ತಿಳಿದಿರಲಿಲ್ಲ. ಸಕ್ಕರೆ ಕಾಯಿಲೆ ಎಷ್ಟೋ ವರ್ಷಗಳಿಂದ ಅವರ ಪಾದಗಳ ಅರಿವನ್ನು ಸದ್ದಿಲ್ಲದೆ ತಿಂದುಹಾಕಿತ್ತು. ಅರ್ಧಕ್ಕ ಬಟ್ಟೆ ಬಿಚ್ಚಿದಾಗ ಹೆಬ್ಬೆರಳ ಬುಡ ಕಪ್ಪಗಾಗಿತ್ತು.

ಸರ್ಜನ್ ಡಾಕ್ಟರಮ್ಮ ನೋಡಿದರು. ದಿನವೂ ಬಂದು ತೊಳೆಸಿಕೊಳ್ಳಬೇಕು, ಒಂದು ದಿನವೂ ತಪ್ಪಬಾರದು, ಕಪ್ಪು ಮೇಲಕ್ಕೆ ಹತ್ತಿದರೆ ಪಾದದ ಮುಂದಿನ ಅರ್ಧ ತೆಗೆಯಬೇಕಾದೀತು ಎಂದು ಹೇಳಿ ಹೋದರು. ಮಗಳ ಕಣ್ಣು ತುಂಬಿತು. ಅವಳದು ಗಾರ್ಮೆಂಟ್ಸಿನ ಕೆಲಸ, ದಿನವೂ ಜೊತೆಗೆ ಬರುವಂತಿರಲಿಲ್ಲ.

“ನಾನೇ ಬರ್ತೀನಿ ಬಿಡು” ಎಂದರು ಯಜಮಾನರು, ಬರುವುದಿಲ್ಲ ಎನ್ನುವ ದನಿಯಲ್ಲಿ.

ಅರ್ಧಕ್ಕ ಇಕ್ಕಳ ಕೈಗೆತ್ತಿಕೊಂಡು ಅಭ್ಯಾಸದಂತೆ ಬಾಯಿ ತೆರೆದಳು. ಯಜಮಾನರು ತಡೆದರು.

“ನಿಮ್ಮ ಕಥೆ ವಿಷಯ ಕೇಳಿದ್ದೀನಮ್ಮ. ನೋವಿರೋರಿಗೆ ಹೇಳಿ. ನನಗೆ ನೋವೇ ಇಲ್ಲ.”

ಅವಳ ಕೈ ಅಲ್ಲೇ ನಿಂತಿತು. ಇಷ್ಟು ವರ್ಷ ಅವಳು ನೋವಿನೊಂದಿಗೆ ಹೋರಾಡಿದ್ದಳು. ನೋವಿಲ್ಲದವನೊಬ್ಬ ಅವಳ ಮುಂದೆ ಕೂತದ್ದು ಇದೇ ಮೊದಲು. ನೋವಿದ್ದವನು ಬೇಡವೆಂದರೂ ಆಸ್ಪತ್ರೆಗೆ ಬರುತ್ತಾನೆ, ನೋವೇ ಅವನ ಕುತ್ತಿಗೆ ಹಿಡಿದು ತರುತ್ತದೆ. ಇವರನ್ನು ಯಾರು ತರುತ್ತಾರೆ?

“ಆಯ್ತು, ಹೇಳಲ್ಲ” ಎಂದಳು. ಗಾಯ ತೊಳೆಯತೊಡಗಿದಳು. ಆಮೇಲೆ ತನ್ನಷ್ಟಕ್ಕೇ ಎಂಬಂತೆ, “ಆನೆಗೆ ಅಷ್ಟು ದೊಡ್ಡ ಕಿವಿ ಇದ್ದರೂ ಕಾಲಲ್ಲೂ ಕೇಳುತ್ತಂತೆ” ಎಂದಳು.

ಯಜಮಾನರು ಗೋಡೆ ನೋಡುತ್ತಿದ್ದರು.

“ದೂರದಲ್ಲಿ ಇನ್ನೊಂದು ಆನೆ ಗುಡುಗಿದರೆ ಆ ನಡುಕ ನೆಲದಲ್ಲೇ ಬರುತ್ತಂತೆ. ಈ ಆನೆ ಅಂಗಾಲಲ್ಲಿ ಕೇಳಿಸಿಕೊಳ್ಳುತ್ತೆ. ಆದರೆ ಕೇಳುವಾಗ ಒಂದು ಕಾಲು ಮೇಲೆತ್ತಿಕೊಂಡು ನಿಲ್ಲೋದೂ ಉಂಟಂತೆ. ಕೇಳೋದೇ ಕಾಲಲ್ಲಿ ಅಂದ ಮೇಲೆ ಒಂದು ಕಾಲು ಯಾಕೆ ಎತ್ತಬೇಕು?”

ಗಂಟು ಬಿಗಿದಳು. ಗಾಡಿಯ ಚಕ್ರ ಕೀಂಯ್‌ಗುಟ್ಟಿತು.

ಮರುದಿನ ಯಜಮಾನರು ಬೆಂಚಿನ ಮೇಲಿದ್ದರು. “ಈ ಕಡೆ ತೊಗಲು ತರೋಕೆ ಬಂದಿದ್ದೆ, ಹಾಗೇ ಬಂದೆ” ಎಂದರು. ಪಟ್ಟಿ ಬಿಚ್ಚುವ ಮೊದಲೇ, “ಆ ಆನೆ?” ಎಂದು ಕೇಳಿದರು. ಎತ್ತಿದ ಕಾಲಿನ ಭಾರ ಉಳಿದ ಕಾಲುಗಳ ಮೇಲೆ ಬಿದ್ದು ಅವು ನೆಲಕ್ಕೆ ಇನ್ನೂ ಒತ್ತಿಕೊಂಡು ಚೆನ್ನಾಗಿ ಕೇಳಿಸಬಹುದು ಎಂದು ತಿಳಿದವರು ಊಹಿಸುತ್ತಾರೆ ಎಂದು ಅವಳು ಹೇಳಿದಳು. ಯಜಮಾನರು ತಲೆಯಾಡಿಸಿ, “ಊಹೆ ಅಂತ ಹೇಳಿದ್ರಲ್ಲ, ಅದು ಸರಿ” ಎಂದರು.

ಅಂದಿನಿಂದ ಅವಳು ಗ್ರಂಥಾಲಯದಲ್ಲಿ ಕಾಲುಗಳನ್ನೇ ಹುಡುಕತೊಡಗಿದಳು. ಕಾಲಿಗೆ ಸಂಬಂಧಿಸಿದ ಸೋಜಿಗ ಲೋಕದಲ್ಲಿ ಎಷ್ಟಿದೆಯೋ ಅಷ್ಟೂ ಬೇಕು. ಗಂಡ, “ವ್ಯಾನಿನ ಮಕ್ಕಳಿಗೂ ಹೇಳಿದ್ದೀನಿ, ಈ ವಾರ ಎಲ್ಲರೂ ಕಾಲಿನ ಪ್ರಶ್ನೆನೇ ಕೇಳಬೇಕು ಅಂತ” ಎಂದು ನಗಿಸಿದ. ಯಜಮಾನರು ದಿನವೂ ಬಂದರು. ಕಪ್ಪು ಇದ್ದಲ್ಲೇ ನಿಂತಿತು.

ತಪ್ಪಿದ್ದು ಚಿಟ್ಟೆಯ ದಿನ.

ಚಿಟ್ಟೆ ಕಾಲಿನಿಂದ ರುಚಿ ನೋಡುತ್ತದೆ ಎಂದು ಅವಳು ಹೇಳಿದಳು. ಯಜಮಾನರು ಒಂದು ಕ್ಷಣ ತಮ್ಮ ಕಸುಬಿನ ಕಣ್ಣಿನಿಂದ ಆ ಪ್ರಾಣಿಯನ್ನು ನೋಡಿದರು.

“ಅಂದರೆ ಚಿಟ್ಟೆಗೆ ಚಪ್ಪಲಿ ಹೊಲಿದುಕೊಟ್ಟರೆ ಪಾಪ, ಉಪವಾಸ.”

ಅರ್ಧಕ್ಕನಿಗೆ ನಗು ತಡೆಯಲಾಗಲಿಲ್ಲ. ಯಜಮಾನರೂ ನಕ್ಕರು. ಅವರು ನಕ್ಕದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲ. ಪಕ್ಕದಲ್ಲಿ ಕೂತಿದ್ದವರೂ ನಕ್ಕರು. ಆ ಖುಷಿಯಲ್ಲಿ ಅವಳು ಮೈಮರೆತಳು. ತಾಯಿ ಚಿಟ್ಟೆ ತಾನು ತಿನ್ನದ ಎಲೆಯನ್ನೂ ಕಾಲಿನಿಂದ ತಟ್ಟಿ ತಟ್ಟಿ ರುಚಿ ನೋಡುತ್ತದೆ, ಯಾಕೆ ಹೇಳಿ ಎಂದು ಕೇಳಿ ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮೊಟ್ಟೆಯಿಂದ ಬರುವ ಮರಿಗೆ ಆ ಎಲೆ ಒಗ್ಗುತ್ತದೆಯೋ ಇಲ್ಲವೋ ನೋಡಲಿಕ್ಕೆ, ಒಗ್ಗುವ ಎಲೆ ಸಿಕ್ಕಿದ ಮೇಲೆ ಮೊಟ್ಟೆಯಿಟ್ಟು ಹಾರಿಹೋಗಲಿಕ್ಕೆ ಎಂದು ಕೊನೆಯ ತನಕ ಹೇಳಿ ಮುಗಿಸಿಬಿಟ್ಟಳು.

“ಚೆನ್ನಾಗಿತ್ತಮ್ಮ” ಎಂದು ಯಜಮಾನರು ಕೋಲೂರಿಕೊಂಡು ಹೋದರು.

ಮರುದಿನ ಬೆಂಚು ಖಾಲಿ. ಬಿಡುವಾಗಿರಲಿಕ್ಕಿಲ್ಲ ಎಂದುಕೊಂಡಳು. ಅದರ ಮರುದಿನವೂ ಖಾಲಿ. ಗಾಡಿ ತಳ್ಳುವಾಗ ಚಿಟ್ಟೆಯ ನೆನಪಾಯಿತು. ನಾಲಿಗೆ ಕಚ್ಚಿಕೊಂಡಳು.

ಕೆಲಸ ಮುಗಿದ ಮೇಲೆ ಯಜಮಾನರ ಅಂಗಡಿ ಹುಡುಕಿಕೊಂಡು ಹೋದಳು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ ಅದು. ನಿಂತರೆ ತಲೆ ತಾಗುತ್ತಿತ್ತು. ಶಾಲೆ ಶುರುವಾದ ಹೊಸತು, ಬೂಟುಗಳು ರಾಶಿ ಬಿದ್ದಿದ್ದವು. ನಡುವೆ ಸಣ್ಣ ಮಣೆಯ ಮೇಲೆ ಯಜಮಾನರು. ಮುಂದೆ ತಲೆಕೆಳಗಾಗಿ ನಿಂತ ಕಬ್ಬಿಣದ ಪಾದ. ಅದಕ್ಕೊಂದು ಬೂಟು ತೊಡಿಸಿ ಮೊಳೆ ಹೊಡೆಯುತ್ತಿದ್ದರು. ಕಾಲಿನ ಪಟ್ಟಿ ಧೂಳು ಹಿಡಿದು ಅಂಚು ಒದ್ದೆಯಾಗಿತ್ತು.

“ಯಾಕೆ ಬರಲಿಲ್ಲ?”

ಯಜಮಾನರು ತುಟಿಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡರು. “ಈ ರಾಶಿ ನೋಡಿ. ಮಕ್ಕಳು ಬರಿಗಾಲಲ್ಲಿ ಶಾಲೆಗೆ ಹೋಗೋಕಾಗುತ್ತಾ?”

“ಮೊನ್ನೆವರೆಗೂ ರಾಶಿ ಇರಲಿಲ್ವಾ?”

“ಇತ್ತು.” ಅಂಗೈಯ ಮೊಳೆಗಳನ್ನು ಹೊರಳಿಸುತ್ತಾ ಹೇಳಿದರು, “ಏನಾದರೂ ಅರ್ಧ ಉಳಿದಿದ್ದರೆ ಬರ್ತಿದ್ದೆನೋ ಏನೋ. ನಿಜ ಹೇಳಬೇಕು ಅಂದರೆ ಕಾಲಿಗೋಸ್ಕರ ಬರೋಕೆ ನನಗೆ ಮನಸ್ಸೇ ಆಗಲ್ಲ ತಾಯಿ. ಅದು ನನ್ನದು ಅಂತಲೇ ಅನ್ನಿಸಲ್ಲ. ನೋವಿದ್ದರೆ ತಾನೇ ನಮ್ಮದು ಅನ್ನಿಸೋದು. ಇದೂ ಈ ಕಬ್ಬಿಣದ ಕಾಲೂ ಒಂದೇ. ಇದಕ್ಕೂ ನೋವಿಲ್ಲ, ಅದಕ್ಕೂ ನೋವಿಲ್ಲ.”

ಅವಳು ಬೈಯಬೇಕೆಂದು ಬಂದಿದ್ದಳು. ಬೈಗುಳ ಬರಲಿಲ್ಲ. ಕಬ್ಬಿಣದ ಪಾದವನ್ನೇ ನೋಡಿದಳು. ಅದರ ಮೈತುಂಬ ಸುತ್ತಿಗೆಯ ಕಲೆ.

“ಅದಕ್ಕೆ ನೋವಾಗಲ್ಲ ಅಂತ ತಾನೇ ಅದರ ಮೇಲೆ ಇಷ್ಟು ಏಟು ಹೊಡೆದಿದ್ದೀರಿ?” ಎಂದಳು.

ಯಜಮಾನರ ಸುತ್ತಿಗೆ ಮೇಲೇಳಲಿಲ್ಲ. ಮೆಟ್ಟಿಲ ಮೇಲೆ ಯಾರೋ ಇಳಿದು ಹೋದರು. ಆ ಹೆಜ್ಜೆಗಳ ಸದ್ದು ಇಬ್ಬರ ತಲೆಯ ಮೇಲಿಂದ ಹಾದು ಬೀದಿ ಸೇರಿತು.

“ಇವತ್ತು ನನ್ನ ಹತ್ತಿರ ಅರ್ಧವೂ ಇಲ್ಲ, ಪೂರ್ತಿಯೂ ಇಲ್ಲ” ಎಂದಳು ಅವಳು. “ಗ್ರಂಥಾಲಯಕ್ಕೆ ಹೋಗೋ ಬದಲು ಇಲ್ಲಿಗೆ ಬಂದೆ. ನಾಳೆ ಬನ್ನಿ, ಅಷ್ಟೇ.”

ಹೊರಡಲು ತಿರುಗಿದಳು.

“ನಿಲ್ಲಿ. ಆ ಬಲಗಾಲಿನ ಚಪ್ಪಲಿ ಇಲ್ಲಿ ಕೊಡಿ.”

“ಚೆನ್ನಾಗೇ ಇದೆಯಲ್ಲ.”

“ಕೊಡಿ ಅಂದೆ.”

ಕೊಟ್ಟಳು. ಅವರು ಅದನ್ನು ಮಗುಚಿ, ಬೆಳಕಿಗೆ ಹಿಡಿದು, ಅಡಿಯ ಮೇಲೆ ಹೆಬ್ಬೆರಳು ಓಡಿಸಿದರು. ಮುಖದ ಮೇಲೆ ಬೇರೆಯೇ ಒಂದು ಕಳೆ ಬಂದಿತ್ತು.

“ಹಿಮ್ಮಡಿ ಹೊರಗಡೆ ಸವೆದಿದೆ. ದಿನವೆಲ್ಲ ಒಂದು ಪಕ್ಕಕ್ಕೆ ಬಗ್ಗಿ ನಿಲ್ಲೋ ಕೆಲಸ, ಅದು ಸರಿ. ಆದರೆ ಇದು ನೋಡಿ, ಹೆಬ್ಬೆರಳ ಕೆಳಗೆ ದುಂಡಗೆ ಒಂದು ಗುಳಿ. ಇದು ನಡೆದು ಆಗೋ ಸವೆತ ಅಲ್ಲ, ನಿಂತು ಆಗೋದೂ ಅಲ್ಲ. ಎಷ್ಟೋ ವರ್ಷದಿಂದ ಸಾವಿರಾರು ಜೋಡಿ ನೋಡಿದ್ದೀನಿ, ಇಂಥ ಗುಳಿ ಇನ್ನೊಬ್ಬರ ಚಪ್ಪಲಿಯಲ್ಲಿ ನೋಡಿದ ನೆನಪಿಲ್ಲ. ಇದು ಯಾಕೆ ಆಗುತ್ತೆ ಅಂದರೆ…”

ಚಪ್ಪಲಿಯನ್ನು ನೆಲದ ಮೇಲಿಟ್ಟು ಅವಳ ಕಡೆ ತಳ್ಳಿದರು. ಮೊಳೆಗಳನ್ನು ತುಟಿಗೆ ಕಚ್ಚಿಕೊಂಡರು. ಸುತ್ತಿಗೆ ಎತ್ತಿದರು.

“ಯಾಕೆ ಆಗುತ್ತೆ?”

ತುಟಿಯ ಸಂದಿನಿಂದ ಉತ್ತರ ಬಂತು. “ನಾಳೆ.”

ಅವಳಿಗೆ ಎಂದೂ ಹೀಗಾಗಿರಲಿಲ್ಲ. ಬಸ್ಸಿನಲ್ಲಿ ಕಾಲು ಮಡಚಿ ಚಪ್ಪಲಿಯ ಅಡಿ ನೋಡಿದಳು, ಪಕ್ಕದಲ್ಲಿದ್ದವರು ಜಾಗ ಬಿಟ್ಟು ಸರಿದರು. ಮನೆಯಲ್ಲಿ ಗಂಡನ ಮುಂದೆ ಹಿಡಿದಳು.

“ರೀ, ಚಪ್ಪಲಿ ಯಜಮಾನರು ಹೇಳಿದ ಈ ಗುಳಿ ಯಾಕೆ ಆಗಿದೆ ಹೇಳಿ ನೋಡೋಣ.”

“ನನಗೇನು ಗೊತ್ತು. ಹೇಳಿದವರನ್ನೇ ಕೇಳು.”

“ಅವರು ಅರ್ಧಕ್ಕೆ ನಿಲ್ಲಿಸಿಬಿಟ್ರು.”

ಗಂಡ ಊಟದ ತಟ್ಟೆ ಬದಿಗಿಟ್ಟು ಮನಸಾರೆ ನಕ್ಕ. “ಮದುವೆ ಆದಾಗಿನಿಂದ ನಾನು ಒಂದು ಮಾತು ಪೂರ್ತಿ ಕೇಳಿಲ್ಲ ಕಣೇ. ಆ ಯಜಮಾನರ ಅಡ್ರೆಸ್ ಕೊಡು, ಒಂದು ಜೊತೆ ಬೂಟು ಹೊಲಿಸಿಕೊಂಡು ಬರ್ತೀನಿ.”

ಮರುದಿನ ಅವಳು ಗಾಡಿಯನ್ನು ಹೊರಗೆ ತರುವಷ್ಟರಲ್ಲಿ ಯಜಮಾನರು ಬೆಂಚಿನ ಮೇಲಿದ್ದರು. ಪಟ್ಟಿ ಬಿಚ್ಚಿದಳು. ವಾಸನೆ ಬಂತು. ಕಪ್ಪಿನ ಅಂಚು ಬೆರಳಗಲ ಮುಂದೆ ಸರಿದಿತ್ತು. ಗುಳಿಯ ವಿಷಯ ಕೇಳುವ ಹೊತ್ತು ಅದಾಗಿರಲಿಲ್ಲ. ಡಾಕ್ಟರಮ್ಮ ಬಂದು ಸತ್ತ ಭಾಗವನ್ನೆಲ್ಲ ಕತ್ತರಿಸಿ ತೆಗೆದರು. “ಇನ್ನು ಕೆಲವು ದಿನ ನೋಡ್ತೀನಿ. ಇದಕ್ಕಿಂತ ಮೇಲೆ ಹೋದರೆ ನನ್ನ ಕೈಲಿ ಏನೂ ಇಲ್ಲ” ಎಂದರು.

ಯಜಮಾನರು ತೆರೆದ ಗಾಯವನ್ನು ಮೊದಲ ಸಲ ಬಗ್ಗಿ ನೋಡಿದರು. ಬೇರೆಯವರ ಚಪ್ಪಲಿ ನೋಡುವ ಹಾಗೆ, ಎಲ್ಲಿ ಸವೆದಿದೆ, ಎಲ್ಲಿ ಉಳಿದಿದೆ ಎಂದು ಸೂಕ್ಷ್ಮವಾಗಿ ನೋಡಿದರು.

“ರಿಪೇರಿ ಆಗುತ್ತಾ ತಾಯಿ?”

“ಅಂಗಡಿಗೆ ಬಂದ ಬೂಟನ್ನ ನೀವು ದಿನಾ ನೋಡಲ್ವಾ? ಹಾಗೆ ನೋಡಬೇಕು.”

“ನೋಡ್ತೀನಿ” ಎಂದರು. ಅವಳು ಗಾಡಿ ತಿರುಗಿಸಿದಾಗ ಹಿಂದಿನಿಂದ ಕೂಗಿದರು, “ಗುಳಿ ಕೇಳಲಿಲ್ಲ ನೀವು.”

“ನಾಳೆ ಕೇಳ್ತೀನಿ” ಎಂದಳು, ತಿರುಗದೆ.

ಹಾಗೆ ಶುರುವಾಯಿತು ಅವರಿಬ್ಬರ ಅರ್ಧಕ್ಕೆ ಅರ್ಧ. ಅವಳು ಒಂದು ಪ್ರಾಣಿಯ ಕಾಲು ತಂದರೆ ಅವರು ಒಬ್ಬ ಮನುಷ್ಯನ ಚಪ್ಪಲಿ ತರುತ್ತಿದ್ದರು. ನೆಲಕ್ಕಿಳಿಯದೆ ತಿಂಗಳುಗಟ್ಟಲೆ ಹಾರುತ್ತಲೇ ಇರುವ ಹಕ್ಕಿಗೆ ಬದಲಾಗಿ ಅವರು, ಹೊಲಿಗೆ ಯಂತ್ರವನ್ನು ಒಂದೇ ಕಾಲಿನಿಂದ ತುಳಿದು ಒಂದು ಚಪ್ಪಲಿ ಮಾತ್ರ ಸವೆಸುತ್ತಿದ್ದ ದರ್ಜಿಯನ್ನು ಕೊಟ್ಟರು. ಇಬ್ಬರೂ ಮರುದಿನದ ತನಕ ಕಾಯುತ್ತಿದ್ದರು. ಮನೆಯಲ್ಲಿ ಯಜಮಾನರು ಈಗ ಬೆಳಿಗ್ಗೆ ಚಪ್ಪಲಿ ಮೆಟ್ಟುವ ಮೊದಲು ಅದನ್ನು ಮಗುಚಿ ಕೊಡವಿ ಒಳಗೆ ಕೈಯಾಡಿಸುತ್ತಾರೆ, ರಾತ್ರಿ ಕನ್ನಡಿ ಹಿಡಿದು ಎಡಗಾಲಿನ ಅಡಿಯನ್ನೂ ನೋಡಿಕೊಳ್ಳುತ್ತಾರೆ ಎಂದು ಮಗಳು ಒಂದು ದಿನ ಬಂದು ಹೇಳಿ ಹೋದಳು. “ಅಪ್ಪ ತಮ್ಮ ಕಾಲನ್ನ ಹೀಗೆ ನೋಡಿದ್ದು ನಾನು ಹುಟ್ಟಿದ ಮೇಲೆ ಇದೇ ಮೊದಲು ಅಕ್ಕ.”

ಗಾಯದ ತಳದಲ್ಲಿ ಮೊದಲು ಸಾಸಿವೆಯಷ್ಟು ಕೆಂಪು ಕಾಣಿಸಿತು. ಅರ್ಧಕ್ಕ ಹೇಳಲಿಲ್ಲ, ದೃಷ್ಟಿಯಾದೀತೆಂಬಂತೆ ಬೇಗ ಪಟ್ಟಿ ಮುಚ್ಚಿದಳು. ದಿನ ಕಳೆದಂತೆ ಆ ಕೆಂಪು ಹರಡಿ ಹಸಿಹಸಿಯಾಗಿ ಹೊಳೆಯತೊಡಗಿತು. ಡಾಕ್ಟರಮ್ಮ ಬಂದು, ಬಗ್ಗಿ, ಬಹಳ ಹೊತ್ತು ನೋಡಿ, ನೆಟ್ಟಗಾದರು.

“ಕತ್ತರಿಸೋದು ಬೇಡ. ಪಾದ ಉಳೀತು. ಮಾಯೋಕೆ ಇನ್ನೂ ಬಹಳ ದಿನ ಬೇಕು, ಡ್ರೆಸ್ಸಿಂಗ್ ಬಿಡಬಾರದು.”

“ಬಿಡೋದೆಲ್ಲಿ ಬಂತು” ಎಂದರು ಯಜಮಾನರು. “ಇವರ ಹತ್ತಿರ ನನ್ನ ಬಾಕಿ ಬಹಳ ಇದೆ.”

ಡಾಕ್ಟರಮ್ಮ ಹೋದ ಮೇಲೆ ಅವರು ಚೀಲದಿಂದ ಕಾಗದದ ಪೊಟ್ಟಣವೊಂದನ್ನು ತೆಗೆದರು. ಅದರೊಳಗೆ ಅವಳ ಅಳತೆಯ ಹೊಸ ಚಪ್ಪಲಿಯ ಜೋಡಿ. ಬಲಗಾಲಿನ ಹೆಬ್ಬೆರಳ ಕೆಳಗೆ ದುಂಡಗೆ ಕತ್ತರಿಸಿದ ದಪ್ಪ ತೊಗಲಿನ ತುಂಡೊಂದನ್ನು ಹೆಚ್ಚಾಗಿ ಕೂಡಿಸಿ ಹೊಲಿದಿದ್ದರು.

“ಗುಳಿ ಯಾಕೆ ಆಗುತ್ತೆ ಅಂತ ಇವತ್ತಾದರೂ ಕೇಳ್ತೀರೋ ಇಲ್ವೋ?”

“ಹೇಳಿ.”

“ಮಾತಿನ ನಡುವೆ ಗಕ್ಕನೆ ಆ ಹೆಬ್ಬೆರಳ ಮೇಲೆ ತಿರುಗಿ ಹೋಗ್ತೀರಲ್ಲ, ಅದಕ್ಕೆ. ದಿನಕ್ಕೆ ಎಷ್ಟು ಜನಕ್ಕೆ ಹಾಗೆ ಬೆನ್ನು ತೋರಿಸ್ತೀರೋ. ಚಪ್ಪಲಿ ತಾನೇ ಏನು ಮಾಡುತ್ತೆ? ಇದು ತಡೆಯುತ್ತೆ, ಎಷ್ಟು ಬೇಕಾದರೂ ತಿರುಗಿ.”

ಚಪ್ಪಲಿ ಮೆಟ್ಟಿಕೊಂಡಳು. ಅಂಗಾಲಿಗೆ ಹಿತವಾಗಿತ್ತು. ಬಗ್ಗಿ ಅವರ ಪಾದಕ್ಕೆ ಹೊಸ ಪಟ್ಟಿ ಸುತ್ತತೊಡಗಿದಳು. ಸುತ್ತುತ್ತಾ ಸುತ್ತುತ್ತಾ ಮಾತು ಬಂತು.

“ಹಿಮದ ದೇಶದಲ್ಲಿ ಪೆಂಗ್ವಿನ್ ಅಂತ ಹಕ್ಕಿ ಇದೆ ಗೊತ್ತಲ್ಲ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಜಾತಿ ಒಂದಿದೆ. ಗೂಡಿಲ್ಲ, ಮಣ್ಣಿಲ್ಲ, ಹುಲ್ಲಿಲ್ಲ, ಬರೀ ಮಂಜುಗಡ್ಡೆ. ತಾಯಿ ಒಂದೇ ಮೊಟ್ಟೆ ಇಡುತ್ತೆ. ನೆಲಕ್ಕೆ ತಾಗಿದರೆ ಮೊಟ್ಟೆ ಹೆಪ್ಪುಗಟ್ಟಿ ಹೋಗುತ್ತೆ. ಅದಕ್ಕೆ ತಂದೆ ಏನು ಮಾಡುತ್ತೆ ಅಂದರೆ, ಮೊಟ್ಟೆನ ತನ್ನ ಪಾದದ ಮೇಲೆ ಇಟ್ಟುಕೊಳ್ಳುತ್ತೆ. ಹೊಟ್ಟೆಯ ತೊಗಲು ಇಳಿಬಿಟ್ಟು ಮುಚ್ಚಿಕೊಂಡು ನಿಂತುಬಿಡುತ್ತೆ.”

“ಪಾದದ ಮೇಲೆ” ಎಂದರು ಯಜಮಾನರು, ಮೆಲ್ಲಗೆ.

“ಪಾದದ ಮೇಲೆ. ತಾಯಿ ಮೇವಿಗೆ ಸಮುದ್ರಕ್ಕೆ ಹೋಗಿದೆ, ಬಹಳ ದೂರ. ತಂದೆ ಚಳಿಗಾಲವೆಲ್ಲ ತಿನ್ನದೆ ನಿಂತಿದೆ, ಹೆಜ್ಜೆ ಇಟ್ಟರೂ ಮೊಟ್ಟೆ ಬೀಳದ ಹಾಗೆ ತೆವಳುತ್ತೆ. ಮೈ ಹೆಚ್ಚುಕಡಿಮೆ ಅರ್ಧ ಇಳಿದುಹೋಗಿದೆ. ಗಾಳಿ ಬೀಸ್ತಾ ಇದೆ. ಒಂದು ದಿನ ಮೊಟ್ಟೆ ಒಡೆದು ಪಾದದ ಮೇಲೇ ಮರಿ ಕಣ್ಣು ಬಿಡುತ್ತೆ. ಹಸಿದಿದೆ. ತಂದೆಯೂ ಹಸಿದಿದೆ. ಎರಡೂ ಸಮುದ್ರದ ಕಡೆ ನೋಡ್ತಾ ಇವೆ. ದೂರದಲ್ಲಿ, ಮಂಜಿನ ಮೇಲೆ, ಕಪ್ಪಗೆ ಒಂದು ಚುಕ್ಕೆ…”

ಗಂಟು ಬಿಗಿದಳು. ಹೊಸ ಚಪ್ಪಲಿಯ ಹೆಬ್ಬೆರಳು ನೆಲದ ಮೇಲೆ ಮೆತ್ತಗೆ ತಿರುಗಿತು.

“ಬಂದಳಾ?” ಎಂದರು ಯಜಮಾನರು. “ಅಮ್ಮಾ, ತಾಯಿನಾ ಅದು? ಬಂದಳಾ ಇಲ್ವಾ ಅಷ್ಟು ಹೇಳಿ ಹೋಗಿ.”

ಕೀಂಯ್… ಕೀಂಯ್…

“ಚಕ್ರಕ್ಕಾದರೂ ಎರಡು ಹನಿ ಎಣ್ಣೆ ಬಿಡ್ತೀನಿ, ನಿಲ್ಲಿ ತಾಯಿ.”

ಅವಳು ಆಗಲೇ ವರಾಂಡದ ತಿರುವು ದಾಟುತ್ತಿದ್ದಳು.